ರಾಜನೇ ಮುಂದೆ ನಡೆದ ಆಟ

ಧಿಕ್ಕಾರ ಕೂಗಿಕೊಂಡು ಬದುಕುವವನಿಗೆ ಬೈಗುಳದಷ್ಟೇ ನಗೆಪಾಟಲೂ ಕಟ್ಟಿಟ್ಟ ಬುತ್ತಿ. ನನಗಂತೂ ವಾರಕ್ಕೊಂದು ತಪ್ಪದು.

೧. ಟೆಂಟಿನ ಪಾಠ

ಕಬ್ಬಾಳಿನ ಕಡೆಯ ನಮ್ಮೂರಲ್ಲಿ ಸ್ಮಶಾನಕ್ಕೆ ದಾರಿಯಿರಲಿಲ್ಲ. ಹೆಣ ಹೊತ್ತವರು ಕಂಡವರ ರಾಗಿ ಹೊಲ ತುಳಿದು ಹೋಗಬೇಕು. ಸತ್ತವನಿಗೂ ಬೈಗುಳ! ದಾರಿ ಬಿಡಿಸಲು ಅಧಿಕಾರಿಯ ಒಂದು ಸಹಿ ಸಾಕಿತ್ತು. ಕೊಡಲಿಲ್ಲ. ಕಚೇರಿ ಎದುರು ಟೆಂಟ್ ಹಾಕಿ ಧರಣಿ ಕೂತೆ. ಕೂಗುವುದು ದಿನಕ್ಕೆ ಅರ್ಧ ಗಂಟೆ. ಮಿಕ್ಕ ಹೊತ್ತಿಗೆ, ಜೊತೆಗೆ ಕೂತಿದ್ದ ರಿಟೈರ್ಡ್ ಮೇಷ್ಟ್ರು ಚೆಸ್ ಕಲಿಸಿದರು.

ಸಂಜೆ ಮನೆಗೆ ಬಂದರೆ ಪಕ್ಕದ ಮನೆ ಅಜ್ಜಿಯ ವಿಚಾರಣೆ. "ದಾರಿ ಆಯ್ತೇನ್ಲಾ?"

"ಇನ್ನೂ ಇಲ್ಲ ಕಣಜ್ಜಿ."

"ಹಂಗಾದ್ರೆ ನಾನಿನ್ನೂ ಸಾಯಂಗಿಲ್ಲ ಬುಡು."

೨. ಓಪನಿಂಗ್

"ರಾಜನ್ನ ಮೊದ್ಲು ಮೂಲೆಗೆ ಸೇರಿಸಪ್ಪ," ಅಂದರು ಮೇಷ್ಟ್ರು.

"ಕಾಲಾಳು ಸಾಯೋದು, ರಾಜ ಮೂಲೇಲಿ ಬೆಚ್ಚಗಿರೋದಾ? ಆಗಕ್ಕಿಲ್ಲ ಸಾ! ನಾಯಕ ಆದವ್ನು ಮುಂದಿರ್ಬೇಕು."

ಇದು ನನ್ನ ಪ್ರತಿ ಭಾಷಣದ ಮಾತು, ಅಜ್ಜಿಗೂ ಬಾಯಿಪಾಠ. ಹಾಗಾಗಿ ನನ್ನ ಓಪನಿಂಗ್ ಒಂದೇ. ರಾಜನ ಮುಂದಿನ ಕಾಲಾಳು ಎರಡು ಮನೆ ಮುಂದೆ; ಮರುನಡೆಗೆ ಅದರ ಹಿಂದೆಯೇ ರಾಜನೂ ಹೊರಗೆ.

ಮೇಷ್ಟ್ರು ಹಣೆ ಚಚ್ಚಿಕೊಂಡರು. "ಆಟದಲ್ಲೂ ಪೊಲೀಸ್ ವ್ಯಾನ್ ಹತ್ತೋ ಆತುರ ನಿಂಗೆ!"

೩. ಡ್ರಾ

ಮೇಷ್ಟ್ರೇ ನನ್ನ ಹೆಸರು ಬರೆಸಿದ್ದ ಚನ್ನಪಟ್ಟಣದ ಚೆಸ್ ಟೂರ್ನಮೆಂಟಿನಲ್ಲಿ ನನ್ನೆದುರು ಬಂದು ಕೂತವರು, ಸಹಿ ಹಾಕದ ಅದೇ ಅಧಿಕಾರಿ! ಮೈ ಉರಿಯಿತು. ರಾಜನನ್ನು ಮುಂದೆ ಬಿಟ್ಟುಕೊಂಡೇ ಅವರ ಎರಡೂ ಆನೆ ಹೊಡೆದೆ. ಗೆದ್ದೆ ಅನ್ನುವಾಗ ಅವರ ಮಂತ್ರಿ ಚೆಕ್ ಕೊಟ್ಟಿತು. ರಾಜನನ್ನು ಎಡಕ್ಕಿಟ್ಟೆ, ಚೆಕ್. ಬಲಕ್ಕಿಟ್ಟೆ, ಚೆಕ್. ಮರೆಗೆ ಒಂದು ಕಾಲಾಳೂ ಇಲ್ಲ. ಮತ್ತೆ ಎಡ, ಮತ್ತೆ ಬಲ.

ಅಧಿಕಾರಿ ಕೈಯೆತ್ತಿ ತೀರ್ಪುಗಾರರನ್ನು ಕರೆದರು. "ಇದೇ ಸ್ಥಿತಿ ಮೂರನೇ ಸಲ ಬಂದಿದೆ. ನಿಯಮದ ಪ್ರಕಾರ ಡ್ರಾ."

ನಾನು ಎದ್ದು ನಿಂತೆ. "ಏನ್ ಸಾ, ನನ್ ಅರ್ಜಿ ನಿಮ್ ಟೇಬಲ್ಲಿಂದ ಗುಮಾಸ್ತರ ಟೇಬಲ್ಲಿಗೆ, ಅಲ್ಲಿಂದ ವಾಪಸ್ ನಿಮ್ ಟೇಬಲ್ಲಿಗೆ ಮೂವತ್ತು ಸಲ ಬಂದೈತೆ. ಅದಕ್ಯಾವ ನಿಯಮ?"

ಹಾಲ್ ಪೂರ್ತಿ ನಕ್ಕಿತು. ಕೆಂಪಗಾದ ಅಧಿಕಾರಿ, ಕೊನೆಗೆ ತಾವೂ ನಕ್ಕುಬಿಟ್ಟರು. "ನಾಳೆ ಬನ್ನಿ."

"ನೋಡ್ರಪ್ಪಾ, ಮತ್ತೆ ನಾಳೆ!"

ಆದರೆ ಮಾರನೆಯ ದಿನ ನಿಜವಾಗಿಯೂ ಸಹಿ ಬಿತ್ತು. ಮನುಷ್ಯ ಕೆಟ್ಟವನಲ್ಲ, ಬರೀ ನಿಧಾನ. ಒಂದು ತಿಂಗಳಲ್ಲಿ ದಾರಿಗೆ ಮಣ್ಣೂ ಬಿತ್ತು. ಓಡಿಹೋಗಿ ಹೇಳಿದೆ: "ಅಜ್ಜಿ, ದಾರಿ ಆಯ್ತು!"

ಅಜ್ಜಿ ಎಲೆಅಡಿಕೆ ಮೆಲ್ಲುತ್ತ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಮೊದ್ಲು ನೀನ್ ಹೋಗ್ಲಾ. ನಾಯಕ ಆದವ್ನು ಮುಂದಿರ್ಬೇಕು."