ಢಾಲೂ ದಾಲೂ

ನಿಖರತೆಯನ್ನು ಬೇರೆಯವರಿಂದ ಬಯಸುವುದರಲ್ಲಿ ಎಂಥ ಸುಖವಿದೆ ಎಂದು ನನ್ನನ್ನು ಕೇಳಿ. ಗಚ್ಚಿಬೌಲಿಯ ಕಂಪನಿಯೊಂದರಲ್ಲಿ ಪರರು ಬರೆದ ಸಾಫ್ಟ್‌ವೇರಿನ ತಪ್ಪು ಹುಡುಕುವುದಕ್ಕೇ ನನಗೆ ಸಂಬಳ. ಊರಿಗೆ ಊರೇ ಕಂಪ್ಯೂಟರಿನ ಹಿಂದೆ ಬಿದ್ದಿದ್ದ ಆ ದಿನಗಳಲ್ಲಿ, ಕೂತು ಕೂತು ಬೆನ್ನು ಹಿಡಿದುಕೊಂಡಿದ್ದ ನಾವೊಂದಿಷ್ಟು ಜನ ಭಾನುವಾರ ಬೆಳಗ್ಗೆ ಮಿಯಾಪುರದ ಖಾಲಿ ಸೈಟೊಂದರಲ್ಲಿ ಕತ್ತಿವರಸೆ ಕಲಿಯುತ್ತಿದ್ದೆವು. ಗುರಾಣಿಗೆಂದು ಒಬ್ಬ ಪ್ಲಾಸ್ಟಿಕ್ ಡ್ರಮ್ಮಿನ ಮುಚ್ಚಳ ತಂದರೆ, ಇನ್ನೊಬ್ಬ ಕೇರಂ ಬೋರ್ಡನ್ನೇ ದುಂಡಗೆ ಕೊಯ್ಯಿಸಿಕೊಂಡು ಬಂದಿದ್ದ. ನನಗೆ ಮೈಯೆಲ್ಲ ಉರಿಯಿತು. "ಚಾಲುಕ್ಯರ ಕಾಲದ ವರಸೆಗೆ ಚಾಲುಕ್ಯರ ಕಾಲದ ಗುರಾಣಿಯೇ ಬೇಕು. ಮರ, ತೊಗಲು, ಅಂಟು, ಅಷ್ಟೇ" ಎಂದು ಅಪ್ಪಣೆ ಕೊಡಿಸಿಬಿಟ್ಟೆ. ಮುಂದಿನ ತಿಂಗಳು ಎಲ್ಲರೂ ತರಬೇಕು, ಪರೀಕ್ಷಿಸುವವನು ನಾನೇ.

ನನಗಿದ್ದ ಆಧಾರವೆಂದರೆ ವೀರಗಲ್ಲುಗಳ ಫೋಟೊ. ನಾನು ನೋಡಿದ ಕಲ್ಲುಗಳಲ್ಲೆಲ್ಲ ಶಿಲ್ಪಿ ಗುರಾಣಿಯ ಮುಂಭಾಗ ಕೆತ್ತಿ ಕೈತೊಳೆದುಕೊಂಡಿದ್ದಾನೆ. ಹಿಂದೆ ಹಿಡಿ ಎಲ್ಲಿತ್ತೆಂದು ಸತ್ತ ವೀರನೇ ಎದ್ದು ಬಂದು ಹೇಳಬೇಕು. ನಾಚಾರಂನಲ್ಲಿ ಹಲಗೆ ಕೊಯ್ಯಿಸಿ ತಂದು, ಅಂಟಿಸಿ, ಹದ ಮಾಡದ ತೊಗಲನ್ನು ನೆನೆಸಿ ಎಳೆದು, ಅಂಚಿಗೆ ಹೊಲಿದೆ. ದಬ್ಬಳ ತೊಗಲಿಗಿಂತ ನನ್ನ ಬೆರಳಿಗೇ ಹೆಚ್ಚು ಹೊಕ್ಕಿತು. ಆಮೇಲೆ ವಾಸನೆ ಶುರುವಾಯಿತು. ನನ್ನ ಹೆಂಡತಿ ಶಾಂತಾ ರಾಯಚೂರಿನವಳು. "ಏನ್ರೀ ಇದು, ಮನಿಯಾಗ ಎಮ್ಮಿ ಸತ್ತಂಗ ನಾರಾಕತ್ತೈತಿ! ನಿಮ್ಮ ಢಾಲರ ಹೊರಗ ಹೋಗಬೇಕು, ಇಲ್ಲಾ ನಾನರ ಹೋಗಬೇಕು" ಎಂದಳು. ಗುರಾಣಿ ಟೆರೇಸಿಗೇರಿತು. ಪಕ್ಕದಲ್ಲೇ ಅವಳ ವರ್ಷದ ತೊಗರಿಬೇಳೆ ಒಣಗುತ್ತಿತ್ತು.

ಇಲ್ಲಿಯವರು ಗುರಾಣಿಗೆ ಢಾಲ್ ಎನ್ನುತ್ತಾರೆ. ನಾನು ಮಂಡ್ಯದ ಕಡೆಯವನು, ಮಹಾಪ್ರಾಣವೆಂದರೆ ನನ್ನ ನಾಲಿಗೆಗೆ ಪ್ರಾಣಸಂಕಟ. ಮೇಷ್ಟ್ರು ಎಷ್ಟು ಕಿವಿ ಹಿಂಡಿದರೂ ನನ್ನ ಬಾಯಲ್ಲಿ ಧನವೂ ದನವೂ ಒಂದೇ ಕೊಟ್ಟಿಗೆಯಲ್ಲಿ ಉಳಿದವು. ಅಂಥವನು ಆಫೀಸಿಗೆ ಹೊರಡುವಾಗ ವಾಚ್‌ಮನ್ ಯಾದಗಿರಿಗೆ ಹೇಳಿದೆ: "ಊಪರ್ ಮೇರಾ ಡಾಲ್ ಹೈ. ಬಾರಿಶ್ ಆಯಾ ತೋ ನೀಚೆ ಲಾನಾ." ಮಳೆ ಬಂದರೆ ಕೆಳಗೆ ತಾ ಅಂತ.

ಮಧ್ಯಾಹ್ನ ಮಳೆ ಬಂತು. ಸಂಜೆ ನಾನು ಬರುವಾಗ ಯಾದಗಿರಿ ಗೇಟಿನಲ್ಲೇ ಹಲ್ಲು ಬಿಟ್ಟುಕೊಂಡು ನಿಂತಿದ್ದ.

"ದಾಲ್ ಪೂರಾ ಲಾಯಾ ಸಾಬ್, ಏಕ್ ದಾನಾ ಭೀ ನೈ ಭೀಗಾ!" ಬೇಳೆಯೆಲ್ಲ ತಂದನಂತೆ, ಒಂದು ಕಾಳೂ ನೆನೆದಿಲ್ಲವಂತೆ.

"ಔರ್ ವೋ ಗೋಲ್ ವಾಲಾ?" ಎಂದೆ, ಆ ದುಂಡಗಿನದು ಎಲ್ಲಿ ಅಂತ.

"ಟಾಂಕಿ ಕಾ ಢಕ್ಕನ್ ನಾ ಸಾಬ್? ವಹೀಂಚ್ ಹೈ."

ಅಲ್ಲೇ ಮೇಲೇ ಇದೆಯಂತೆ. ನನ್ನ ಗುರಾಣಿ ಅವನಿಗೆ ನೀರಿನ ಟ್ಯಾಂಕಿನ ಮುಚ್ಚಳ! ಆ ಸಂಕಟದಲ್ಲೂ ಅವನ ಢಕಾರ ಎಷ್ಟು ಸ್ಪಷ್ಟ ಎಂದು ಹೊಟ್ಟೆ ಉರಿಯಿತು. ಮೇಲೆ ಹೋಗಿ ನೋಡಿದರೆ ಅದು ಕಾದ ಎಣ್ಣೆಗೆ ಬಿದ್ದ ಹಪ್ಪಳದಂತೆ ಸೊಟ್ಟಗಾಗಿತ್ತು. ನಿಜ ಹೇಳುತ್ತೇನೆ, ಅಳುವೇ ಬಂತು. "ಢಾಲ ಅನ್ನಾಕ ಬರಲಾರದವರು ಢಾಲ ಯಾಕ ಮಾಡಬೇಕ್ರಿ?" ಎಂದು ಶಾಂತಾ ತಟ್ಟೆಗೆ ಬೇಳೆ ಬಡಿಸಿದಳು. ಬೇಳೆ ಚೆನ್ನಾಗಿತ್ತು, ಅದಕ್ಕೂ ಸಿಟ್ಟು ಬಂತು.

ಪರೀಕ್ಷೆಯ ಭಾನುವಾರ ಎಲ್ಲರ ಗುರಾಣಿಯೂ ನಾನು ಹೇಳಿದಂತೆಯೇ ಇತ್ತು. ಎಲ್ಲರೂ ನನ್ನದನ್ನೇ ನೋಡುತ್ತಿದ್ದರು. "ಇದೇಂಟಿ ಸಾರ್, ವಂಕರಗಾ ಉಂದಿ?" ಯಾಕೆ ಸೊಟ್ಟಗಿದೆ ಎಂದು ಕೇರಂ ಬೋರ್ಡಿನವನು ಕೇಳಿಯೇಬಿಟ್ಟ. ಅಪ್ಪಣೆ ಕೊಡಿಸಿದ ಬಾಯಿ ಸುಮ್ಮನಿರುತ್ತದೆಯೇ? "ಏಟು ಜಾರಲಿ ಅಂತ ಆಗಿನವರು ಹೀಗೇ ಮಾಡುತ್ತಿದ್ದರು. ವೀರಗಲ್ಲಲ್ಲಿ ಎದುರಿನಿಂದ ನೋಡಿದರೆ ಗೊತ್ತಾಗುವುದಿಲ್ಲ" ಎಂದೆ. ಎಲ್ಲರೂ ಭಕ್ತಿಯಿಂದ ತಲೆಯಾಡಿಸಿದರು.

ಮುಂದಿನ ಭಾನುವಾರ ಕೇರಂ ಬೋರ್ಡಿನವನು ತನ್ನ ಚಂದದ ಗುರಾಣಿಯನ್ನು ನಲ್ಲಿಯ ಕೆಳಗಿಟ್ಟು ನೆನೆಸಿ, ಸೊಟ್ಟ ಮಾಡಿಕೊಂಡು ಬಂದಿದ್ದ. ಇನ್ನೇನು ಮಾಡಲಿ, ತಿರುಗಿಸಿ ಮುರುಗಿಸಿ ನೋಡಿ "ಭೇಷ್" ಎಂದೆ. ಮನೆಗೆ ಬಂದು ಅದನ್ನೇ ಹೇಳಿದರೆ ಶಾಂತಾ, "ಸುಳ್ಳ ಹೇಳಬ್ಯಾಡ್ರಿ. ನೀವು ಬೇಷ್ ಅಂದಿರತೀರಿ" ಎಂದಳು.