ಸ್ಕ್ಯಾನರಿನೊಳಗಿನ ನೆಂಟರು

ಬೇರೆಯವರ ಮನೆಗೆ ಹೊಸ ಸಾಮಾನು ಬಂದರೆ ಅದು ತೆಪ್ಪಗೆ ಮೂಲೆಯಲ್ಲಿ ಕೂತಿರುತ್ತೆ. ನಮ್ಮ ಮನೆಗೆ ಬಂದರೆ ಮಾತ್ರ ಏನಾದರೊಂದು ಫಜೀತಿ ಮಾಡಿಯೇ ತೀರುತ್ತೆ.

ಇದು ೨೦೦೮ರ ಆಸುಪಾಸಿನ ಮಾತು. ನಾವಾಗ ನೆದರ್ಲೆಂಡ್ಸಿನ ಬೆಸ್ಟ್ ಅನ್ನೋ ಊರಲ್ಲಿದ್ದೆವು. ಉಡುಪಿ ಕಡೆಯವರಾದ ನಮ್ಮ ಯಜಮಾನರು ಅಲ್ಲೇ ಹತ್ತಿರದ ಕಂಪನಿಯಲ್ಲಿ ಇಂಜಿನಿಯರು. ಮೈಸೂರಿನವಳಾದ ನಾನು ಅವರ ವೀಸಾಕ್ಕೆ ಅಂಟಿಕೊಂಡು ಬಂದವಳು. ಬೆಳಿಗ್ಗೆ ಅವರು ಸೈಕಲ್ ಹತ್ತಿದರೆ ಸಾಯಂಕಾಲದವರೆಗೂ ನನ್ನ ಜೊತೆ ಮಾತಾಡೋಕೆ ಒಂದು ನರಪಿಳ್ಳೆ ಇಲ್ಲ. ಮೈಸೂರಲ್ಲಿ ಕೊತ್ತಂಬರಿ ಸೊಪ್ಪಿನವಳ ಜೊತೆಗೇ ಅರ್ಧ ಗಂಟೆ ಹರಟುತ್ತಿದ್ದವಳು ನಾನು. ಯಾರಾದರೂ ಒಬ್ಬರು ನನ್ನ ಜೊತೆ ಮಾತಾಡಲಪ್ಪಾ ಅಂತ ಜೀವ ಹಾತೊರೆಯುತ್ತಿತ್ತು. ಅಂಥ ಹೊತ್ತಲ್ಲಿ ಮನೆಗೆ ಬಂದದ್ದು ಈ ರೇಡಿಯೋ ಸ್ಕ್ಯಾನರು.

ಗರ್ರ್

ಹಳೇ ಸಾಮಾನಿನ ಸಂತೆಯಲ್ಲಿ ಕೊಂಡ ಸ್ಕ್ಯಾನರನ್ನು ನಮ್ಮ ಯಜಮಾನರು ಮಗು ಎತ್ತಿಕೊಂಡ ಹಾಗೆ ತಂದರು. ಬಟ್ಟೆ ಒಣಗಿಸುವ ಸ್ಟ್ಯಾಂಡಿನಿಂದ ನನ್ನ ಸೀರೆ ಕಿತ್ತು ಸೋಫಾ ಮೇಲೆ ಎಸೆದು, ಆ ಸ್ಟ್ಯಾಂಡಿಗೇ ಆಂಟೆನಾ ಕಟ್ಟಿದರು.

"ಇದರಲ್ಲಿ ಏನು ಕೇಳಿಸತ್ತೆ?" ಅಂದೆ.

"ಪೊಲೀಸರದ್ದು ಕೇಳ್ಲಿಕ್ಕೆ ಆಗುವುದಿಲ್ಲ, ಅದಕ್ಕೆ ಬೀಗ ಹಾಕಿದ್ದಾರೆ. ಬಸ್ಸಿನವರು, ಗೋಡೌನಿನವರು ವೈರ್‌ಲೆಸ್ಸಲ್ಲಿ ಮಾತಾಡ್ತಾರಲ್ಲ, ಅದು ಕೇಳಬಹುದು. ಆದ್ರೆ ಟ್ರಂಕಿಂಗ್ ಮಾರಾಯ್ತಿ, ಸುಲಭ ಅಲ್ಲ."

ಟ್ರಂಕಿಂಗ್ ಅಂದರೆ ಏನು ಅಂತಲೂ ಹೇಳಿದರು. ಹೋಟೆಲಿನಲ್ಲಿ ಇರೋದೇ ನಾಲ್ಕೈದು ಟೇಬಲ್ಲು, ಬರೋ ಗಿರಾಕಿಗಳು ನೂರು. ಯಾವ ಗುಂಪು ಬಂದರೂ ಸೂಪರ್‌ವೈಸರು ಖಾಲಿ ಟೇಬಲ್ಲು ತೋರಿಸಿ ಕೂರಿಸ್ತಾನೆ. ಒಂದೇ ಗುಂಪಿನ ಮಾತು ಕೇಳಬೇಕಾದರೆ ಟೇಬಲ್ಲನ್ನು ನೋಡುತ್ತಾ ಕೂತರೆ ಆಗಲ್ಲ, ಸೂಪರ್‌ವೈಸರಿನ ಮೇಲೆ ಕಣ್ಣಿಡಬೇಕು. ಇಲ್ಲಿ ಟೇಬಲ್ಲಿಗೆ ಚಾನೆಲ್ ಅಂತ, ಆ ಸೂಪರ್‌ವೈಸರಿಗೆ ಕಂಟ್ರೋಲ್ ಚಾನೆಲ್ ಅಂತ ಹೆಸರು.

ಶನಿವಾರ ಪೂರ್ತಿ ಗುಂಡಿ ತಿರುಗಿಸಿದ ಮೇಲೆ ಪೆಟ್ಟಿಗೆಯಿಂದ "ಗರ್ರ್" ಅಂತ ಶಬ್ದ ಬಂತು. ನಮ್ಮ ಯಜಮಾನರು ಕಣ್ಣು ಮುಚ್ಚಿ, ಸಂಗೀತ ಕಚೇರಿಯಲ್ಲಿ ಕೂತವರಂತೆ ತಲೆದೂಗಿದರು. "ಸಿಕ್ಕಿತು! ಇದೇ ಕಂಟ್ರೋಲ್ ಚಾನೆಲ್!"

"ರೀ, ಇದೇ ಶಬ್ದ ನಮ್ಮ ಮಿಕ್ಸಿಯಲ್ಲೂ ಬರತ್ತೆ. ಅದರಲ್ಲಾದರೆ ಕೊನೆಗೆ ಚಟ್ನಿ ಸಿಗತ್ತೆ," ಅಂದೆ.

ಅಜ್ಜಿಯ ಗತಿ

ಮುಂದಿನ ವಾರ ಮನುಷ್ಯರ ಮಾತೇ ಕೇಳಿಸಿತು. ಆದರೆ ಇವರಿನ್ನೂ ಗುಂಪುಗಳನ್ನು ಬೇರೆ ಮಾಡಿರಲಿಲ್ಲ. ಬಸ್ಸಿನವರು ಚಾನೆಲ್ ಬಿಟ್ಟ ಕೂಡಲೇ ಅದೇ ಚಾನೆಲ್ಲಿಗೆ ಗೋಡೌನಿನವರು ಬಂದು ಕೂರುತ್ತಿದ್ದರು. ಅದು ನಮಗೆ ಗೊತ್ತಾದದ್ದು ಆಮೇಲೆ. ಅರ್ಧ ಡಚ್ ಕಲಿತಿದ್ದ ನಮ್ಮ ಯಜಮಾನರು ಕೇಳಿದ್ದನ್ನು ಕೇಳಿದ ಹಾಗೇ ಕನ್ನಡ ಮಾಡಿ ಹೇಳುತ್ತಿದ್ದರು.

"ಡ್ರೈವರು ಹೇಳ್ತಿದ್ದಾನೆ, ಸ್ಟಾಪಿನಲ್ಲಿ ಒಬ್ಬರು ಅಜ್ಜಿ ಕೂತಿದ್ದಾರೆ, ಬಸ್ಸು ಹತ್ತುವುದಿಲ್ಲ ಅಂತಾರೆ, ಏನು ಮಾಡಲಿ ಅಂತ."

"ಪಾಪ! ಅದಕ್ಕೇನಂತಾರೆ?"

ಇನ್ನೊಂದು ದನಿ ಬಂತು. ಇವರ ಮುಖ ಬಿಳುಚಿತು. "ಕೋಲ್ಡ್ ಸ್ಟೋರೇಜಿಗೆ ಹಾಕಿ, ಸೋಮವಾರ ನೋಡೋಣ ಅಂತಿದ್ದಾರೆ."

"ಅಯ್ಯೋ ದೇವರೇ! ಪೊಲೀಸರಿಗೆ ಫೋನ್ ಮಾಡ್ರೀ!"

ಇವರು ಫೋನ್ ಎತ್ತಿದರು, ಇಟ್ಟರು, ಗಂಟಲು ಸರಿಮಾಡಿಕೊಂಡರು. "ಅವಸರ ಮಾಡುವುದು ಬೇಡ ಮಾರಾಯ್ತಿ. ಇಲ್ಲಿಯ ಪದ್ಧತಿಯೇ ಹಾಗಿರಬಹುದು. ನಾವು ಹೊಸಬರು."

ಕಂಟ್ರೋಲಮ್ಮ

ಕಡೆಗೂ ಬಸ್ಸಿನವರ ಗುಂಪೊಂದನ್ನೇ ಹಿಡಿದು ನಿಲ್ಲಿಸಿದರು. ಅಷ್ಟಾದ ಮೇಲೆ ಅವರಿಗೆ ಸ್ಕ್ಯಾನರಿನ ಹುಚ್ಚು ಬಿಟ್ಟಿತು, ನನಗೆ ಹಿಡಿಯಿತು. ಪೆಟ್ಟಿಗೆ ಅಡುಗೆಮನೆಗೆ ಬಂದು ಒಗ್ಗರಣೆ ಡಬ್ಬಿಯ ಪಕ್ಕ ಕೂತಿತು.

ಡಿಪೋದಲ್ಲಿ ಕೂತು ಬಸ್ಸುಗಳನ್ನೆಲ್ಲ ನಡೆಸುತ್ತಿದ್ದವರು ಒಬ್ಬ ಹೆಂಗಸು. ನಾನು ಅವರಿಗೆ ಕಂಟ್ರೋಲಮ್ಮ ಅಂತ ಹೆಸರಿಟ್ಟೆ. ಎಂಥ ದನಿ ಅಂತೀರಿ! ಬೆಚ್ಚಗಿನ ದನಿ. ಕೆಮ್ಮಿದವನಿಗೆ "ಔಷಧಿ ತಗೊಂಡ್ಯಾ?" ಅನ್ನೋರು, ತಡ ಮಾಡಿದವನಿಗೆ ಸರಿಯಾಗಿ ಬಯ್ಯೋರು, ಬ್ರೆಡ್ಡು ತಿನ್ನಲು ಹೊರಟವನಿಗೆ ಚೆನ್ನಾಗಿ ತಿನ್ನು ಅನ್ನೋರು. ಅವರು ಯಾರನ್ನು ವಿಚಾರಿಸಿಕೊಂಡರೂ ನನಗೆ ಹೊಟ್ಟೆಕಿಚ್ಚು. ನನ್ನನ್ನೂ ಒಂದು ಸಲ ಬಯ್ಯಬಾರದಾ ಅನ್ನಿಸೋದು. ಆದರೇನು, ಆ ಪೆಟ್ಟಿಗೆಗೆ ಕಿವಿ ಮಾತ್ರ ಇತ್ತು, ಬಾಯಿ ಇರಲಿಲ್ಲ.

ಕೇಳಿ ಕೇಳಿ ನನಗೆ ಡಚ್ ಬಂತು. ಬಂದದ್ದೆಲ್ಲ ಬಸ್ಸಿನ ಡಚ್. ಮಂಡಿ ನೋವು ಅಂತ ಡಾಕ್ಟರ ಹತ್ತಿರ ಹೋದಾಗ "ಏನಾಗ್ತಿದೆ?" ಅಂದರು. ನಾನು ಹೆಮ್ಮೆಯಿಂದ ಡಚ್‌ನಲ್ಲೇ ಹೇಳಿದೆ: "ಎಡಗಡೆ ಕೆಳಗೆ ಶಬ್ದ ಬರ್ತಿದೆ. ಏರು ಹತ್ತುತ್ತಿಲ್ಲ. ಡಿಪೋಗೆ ವಾಪಸ್ ಹೋಗಲು ಅನುಮತಿ ಬೇಕು."

ಡಾಕ್ಟರು ಪೆನ್ನು ಕೆಳಗಿಟ್ಟು ನನ್ನನ್ನೇ ನೋಡಿದರು. ಆಮೇಲೆ ಬಹಳ ಗಂಭೀರವಾಗಿ ಹೇಳಿದರು, "ಅನುಮತಿ ಇದೆ. ಮೊದಲು ಪ್ರಯಾಣಿಕರನ್ನೆಲ್ಲ ಇಳಿಸಿಬಿಡಿ."

ಅಮ್ಮನ ಸಮಾಧಾನ

ಬರಬರುತ್ತಾ ನಾನು ಪೆಟ್ಟಿಗೆಗೆ ಉತ್ತರ ಕೊಡಲು ಶುರು ಮಾಡಿದೆ. ಕಂಟ್ರೋಲಮ್ಮ ಅಲ್ಲಿ "ಮಳೆ ಬರ್ತಿದೆ, ನಿಧಾನ" ಅಂದರೆ ನಾನಿಲ್ಲಿ "ಹೂಂ ಕಣ್ರೀ, ಬಟ್ಟೆ ಒಣಗಿಲ್ಲ" ಅನ್ನುವುದು. ಒಂದು ದಿನ ಮೈಸೂರಿನಿಂದ ಫೋನ್ ಮಾಡಿದ್ದ ಅಮ್ಮ ಕೇಳಿಸಿಕೊಂಡುಬಿಟ್ಟಳು.

"ಯಾರ ಹತ್ರನೇ ಮಾತಾಡ್ತಿದ್ದೀಯ? ನೆಂಟರು ಬಂದಿದಾರಾ?"

ನನಗೆ ಅಳು ತಡೆಯಲಾಗಲಿಲ್ಲ. ಎಲ್ಲ ಹೇಳಿದೆ. "ದಿನಾ ಅವರ ಮಾತು ಕೇಳ್ತೀನಿ ಕಣಮ್ಮ. ನಾನೊಬ್ಬಳು ಇದೀನಿ ಅಂತಾನೇ ಅವರಿಗೆ ಗೊತ್ತಿಲ್ಲ."

"ಅಷ್ಟಕ್ಕೆಲ್ಲ ಅಳ್ತಾರೇನೇ? ನಿಮ್ಮಪ್ಪನಿಗೂ ಎಷ್ಟೋ ವರ್ಷ ಗೊತ್ತಿರಲಿಲ್ಲ. ನಾವು ಒಂದೇ ಮನೇಲಿದ್ವಿ!" ಅಂದಳು ಅಮ್ಮ.

ಯಾವ ಗಾಡಿ?

ಒಂದು ಮಧ್ಯಾಹ್ನ ಪಲ್ಯಕ್ಕೆ ಬೀನ್ಸ್ ಹೆಚ್ಚುತ್ತಿದ್ದೆ. ಡ್ರೈವರುಗಳೆಲ್ಲ ಒಬ್ಬೊಬ್ಬರಾಗಿ ಕಂಟ್ರೋಲಮ್ಮನಿಗೆ ಶುಭ ಹಾರೈಸುತ್ತಿದ್ದರು. ಹುಟ್ಟುಹಬ್ಬವೇನೋ ಅಂದುಕೊಂಡೆ. ಕಡೆಗೆ ಒಬ್ಬ, "ನಾಳೆಯಿಂದ ನಮ್ಮನ್ನು ಬಯ್ಯೋರು ಯಾರು?" ಅಂದ. ಅವತ್ತು ಕಂಟ್ರೋಲಮ್ಮನ ರಿಟೈರ್‌ಮೆಂಟು. ಕೊನೇ ಡ್ಯೂಟಿ.

ಸ್ಟವ್ ಆರಿಸಿ, ಮನೆ ಚಪ್ಪಲಿಯಲ್ಲೇ ಬಸ್ ಸ್ಟೇಷನ್ನಿಗೆ ಓಡಿದೆ. ಹೊರಡಲು ನಿಂತಿದ್ದ ಬಸ್ಸಿಗೆ ಹತ್ತಿದೆ. ಡ್ರೈವರು "ನಮಸ್ಕಾರ ಮೇಡಂ" ಅಂದ ಕೂಡಲೇ ಆ ದನಿ ನನಗೆ ಗೊತ್ತಾಯಿತು.

"ನೀವು ದಿನಾ ಸೀಟು ತಣ್ಣಗಿದೆ ಅಂತ ಗೋಳಾಡೋರಲ್ವಾ?"

ಆತ ಬೆಚ್ಚಿಬಿದ್ದ. ಮನೇಲಿ ಸ್ಕ್ಯಾನರು ಇದೆ, ದಿನಾ ಕೇಳ್ತೀನಿ, ಇವತ್ತು ಅವರಿಗೆ ಒಂದು ಮಾತು ಹೇಳಬೇಕು ಅಂತ ತೊದಲಿದೆ. ಕಣ್ಣಲ್ಲಿ ನೀರು ಬೇರೆ. ಪುಣ್ಯಾತ್ಮ, ಏನನ್ನಿಸಿತೋ, ಮೈಕು ಕೈಗೆ ಕೊಟ್ಟು ಗುಂಡಿ ತೋರಿಸಿದ.

ಒತ್ತಿದೆ. ದಾರಿಯುದ್ದಕ್ಕೂ ಉರು ಹೊಡೆದದ್ದೆಲ್ಲ ಮಾಯ. ಬರೀ ಏದುಸಿರು ಹೋಯಿತು.

"ಹೇಳಿ, ಯಾವ ಗಾಡಿ?" ಅಂದರು ಕಂಟ್ರೋಲಮ್ಮ. ಜೀವನದಲ್ಲಿ ಮೊದಲ ಸಲ, ನನಗೆ!

"ಗಾಡಿ ಅಲ್ಲ... ಅಡುಗೆಮನೆ," ಅಂದೆ.

"ಯಾವ ಅಡುಗೆಮನೆ?"

"ಬೆಸ್ಟ್‌ದು. ದಿನಾ ನಿಮ್ಮ ಮಾತು ಕೇಳ್ತೀನಿ. ಈ ಊರಲ್ಲಿ ನನಗೆ ಬೇರೆ ಯಾರೂ ಇಲ್ಲ. ನೀವು ಹೋಗ್ತೀರಂತೆ. ಥ್ಯಾಂಕ್ಸ್ ಹೇಳೋಣ ಅಂತ ಬಂದೆ."

ಬಯ್ಯುತ್ತಾರೆ ಅಂತ ಕಣ್ಣು ಮುಚ್ಚಿದೆ. ಕಂಟ್ರೋಲಮ್ಮ ಮೂಗು ಒರೆಸಿಕೊಂಡದ್ದು ಕೇಳಿಸಿತು. "ಎಲ್ಲಾ ಗಾಡಿಯವರೂ ಕೇಳಿಸ್ಕೊಂಡ್ರಾ? ಇಷ್ಟು ವರ್ಷ ನಾನು ಹೇಳಿದ್ದನ್ನ ಸರಿಯಾಗಿ ಕೇಳಿದ್ದು ಒಂದು ಅಡುಗೆಮನೆ ಮಾತ್ರ!" ಅಂದರು. ಆಮೇಲೆ ಮೆತ್ತಗೆ, "ನಿಮ್ಮ ಹೆಸರೇನು?"

"ಭುವನೇಶ್ವರಿ."

"ಬುವಾ... ಬುವಾನೆ..." ಒಬ್ಬ ಡ್ರೈವರು ನಾನು ಹೇಳ್ತೀನಿ ಅಂತ ಬಂದು ಕೆಡಿಸಿದ. ಇನ್ನೊಬ್ಬ ಅದನ್ನು ತಿದ್ದಲು ಬಂದು ಇನ್ನೂ ಕೆಡಿಸಿದ. ಊರೂರ ಬಸ್ಸುಗಳೆಲ್ಲ ನಿಂತು ನನ್ನ ಹೆಸರು ಉರು ಹೊಡೆದವು. ಕಂಟ್ರೋಲಮ್ಮ ಮಾತ್ರ ಬಿಡಲಿಲ್ಲ. ಅಕ್ಷರ ಅಕ್ಷರ ಕೇಳಿಕೊಂಡು, ಕಡೆಗೊಮ್ಮೆ ಸ್ಪಷ್ಟವಾಗಿ, "ಭುವನೇಶ್ವರಿ" ಅಂದರು.

ಅಷ್ಟು ದಿನ ಹೊಟ್ಟೆಯಲ್ಲಿ ಹಿಡಿದಿಟ್ಟದ್ದೆಲ್ಲ ಕಿತ್ತುಕೊಂಡು ಬಂತು. ಮೈಕು ಎದೆಗವಚಿಕೊಂಡು, ಗುಂಡಿ ಬಿಡುವುದೂ ಮರೆತು, ಗೊಳೋ ಅಂತ ಅತ್ತೆ. ಆ ಅಳು ಎಲ್ಲಾ ಬಸ್ಸಿನಲ್ಲೂ ಕೇಳಿಸಿತಂತೆ.

ಹಿಂದಿನ ಸೀಟಿನಲ್ಲಿ ತರಕಾರಿ ಚೀಲ ತೊಡೆ ಮೇಲಿಟ್ಟುಕೊಂಡಿದ್ದ ತಾತ ಕೂಗಿದ: "ಹೆಸರಿಟ್ಟಿದ್ದಾಯ್ತು, ಮಗು ಅತ್ತಿದ್ದೂ ಆಯ್ತು. ಇನ್ನಾದರೂ ಬಸ್ಸು ಬಿಡ್ತೀರಾ?"