ಹವಾಲ್ದಾರನ ಐಚ್ಛಿಕ ಕನ್ನಡ

ಬಿ.ಎ.ಗೆ ಯಾವ ವಿಷಯ ತೆಗೆದುಕೊಳ್ಳಬೇಕೆಂದು ಸಾಮಾನ್ಯವಾಗಿ ಯಾರೂ ತಾವೇ ತೀರ್ಮಾನಿಸುವುದಿಲ್ಲ. ಸೋದರಮಾವ, ಪಕ್ಕದ ಮನೆಯವರು ಮತ್ತು ಇಂಟರ್‌ಮೀಡಿಯಟ್ಟಿನ ಅಂಕಗಳು ಸೇರಿ ತೀರ್ಮಾನಿಸುತ್ತವೆ. ನನಗೆ ಆ ಅನುಕೂಲ ಇರಲಿಲ್ಲ. ನಾನಾಗ ಸೈನ್ಯದಲ್ಲಿ ಗುಮಾಸ್ತಿಕೆ ಮಾಡುವ ಹವಾಲ್ದಾರ. ಉತ್ತರದ ಗಡಿಯ ಒಂದು ಗುಡ್ಡದ ಮೇಲೆ, ತಗಡಿನ ಕೋಣೆಯಲ್ಲಿ ಕೂತು ಮೇಲಿನವರ ಪತ್ರಗಳನ್ನು ಟೈಪು ಮಾಡುವುದೇ ನನ್ನ ದೇಶಸೇವೆ. ನಾನು ಸೈನ್ಯದಲ್ಲಿದ್ದೇನೆ ಎಂದರೆ ಜನ ಬಂದೂಕಿನ ವಿಷಯ ಕೇಳುತ್ತಾರೆ. ನಾನು ಕಾರ್ಬನ್ ಕಾಗದದ ವಿಷಯ ಹೇಳಬೇಕಾಗುತ್ತದೆ.

ಆ ಗುಡ್ಡದ ಮೇಲೆ ಕನ್ನಡ ಬಲ್ಲವನು ನಾನೊಬ್ಬನೇ. ಪಂಜಾಬಿಗಳಿದ್ದರು, ಗಢವಾಲಿಗಳಿದ್ದರು, ಇಬ್ಬರು ತಮಿಳರಿದ್ದರು. ಎಲ್ಲರೂ ಒಳ್ಳೆಯವರೇ. ಆದರೆ ಬೆಳಿಗ್ಗೆ ಎದ್ದು ‘ಅಬ್ಬಾ, ಚಳಿ’ ಎಂದರೆ ‘ಹೌದು ಕಣಯ್ಯಾ’ ಎನ್ನುವವರಿಲ್ಲ. ನಾನು ಸಾಮಾನು ಹೊರುವ ಹೇಸರಗತ್ತೆಗಳ ಹತ್ತಿರ ಹೋಗಿ ಕನ್ನಡದಲ್ಲಿ ಮಾತಾಡಿಸಿ ಬರುತ್ತಿದ್ದೆ. ಅವುಗಳನ್ನು ನೋಡಿಕೊಳ್ಳುವವನು, ನಾನು ಹೋಗಿ ಬಂದ ಮೇಲೆ ಅವು ತನ್ನ ಮಾತು ಕೇಳುವುದಿಲ್ಲ ಎಂದು ದೂರು ಕೊಟ್ಟ. ಆ ದೂರನ್ನು ಟೈಪು ಮಾಡಿದವನೂ ನಾನೇ.

ಸೈನ್ಯದಲ್ಲಿರುವವರು ಕಾಲೇಜಿಗೆ ಹೋಗದೆಯೇ ಬಿ.ಎ. ಪರೀಕ್ಷೆ ಕಟ್ಟಬಹುದೆಂದು ಆಗ ಒಂದು ಸುತ್ತೋಲೆ ಬಂತು. ನಮ್ಮ ಸುಬೇದಾರರು ರಾಜ್ಯಶಾಸ್ತ್ರ ತಗೋ, ಬಡ್ತಿಗೆ ಒಳ್ಳೆಯದು ಎಂದರು. ಜಯನಗರದಿಂದ ಅಪ್ಪ ಪೋಸ್ಟ್‌ಕಾರ್ಡಿನಲ್ಲಿ, ‘ಅರ್ಥಶಾಸ್ತ್ರವೇ ಸರಿ. ಇಲ್ಲಿ ಕ್ಷೇಮ’ ಎಂದು ಬರೆದರು. ಅಪ್ಪ ಅಮಲ್ದಾರರ ಕಚೇರಿಯಲ್ಲಿದ್ದು ನಿವೃತ್ತರಾದವರು; ಮಗನಿಗೂ ಕಚೇರಿಯ ಟಿಪ್ಪಣಿಯಷ್ಟೇ ಉದ್ದ ಬರೆಯುತ್ತಿದ್ದರು. ಅಮ್ಮ ಹೋದ ಮೇಲಂತೂ ಮನೆಯಲ್ಲಿ ಅಣ್ಣ ಅತ್ತಿಗೆಯ ಜೊತೆಗೂ ಮಾತು ಕಡಿಮೆಯಾಗಿತ್ತು. ನಾನು ಅರ್ಜಿಯನ್ನು ಮೂರು ದಿನ ಮುಂದಿಟ್ಟುಕೊಂಡು ಕೂತೆ. ನಾಲ್ಕನೆಯ ದಿನ ‘ಐಚ್ಛಿಕ ವಿಷಯ’ ಎಂಬಲ್ಲಿ ‘ಕನ್ನಡ’ ಎಂದು ಬರೆದು ಕಳಿಸಿಬಿಟ್ಟೆ. ಭಾಷಾಭಿಮಾನವೇನಲ್ಲ. ಓದುವ ನೆಪದಲ್ಲಾದರೂ ಅದು ಕಿವಿಗೆ ಬೀಳಲಿ ಎಂದು ಅಷ್ಟೆ.

ಅಪ್ಪನಿಗೆ ವಿಷಯ ತಿಳಿಸಿ, ಬೈಗುಳದ ಕಾರ್ಡಿಗೆ ಕಾದೆ. ಬಂದದ್ದು ಪುಸ್ತಕಗಳ ಕಟ್ಟು, ಜೊತೆಗೆ ಎಂಟು ಹಾಳೆಯ ಕಾಗದ. ‘ಹಳಗನ್ನಡ ನಿನಗೆ ಒಬ್ಬನಿಗೇ ಆಗದು. ತ್ಯಾಗರಾಜನಗರದಲ್ಲಿ ನಿವೃತ್ತ ಪಂಡಿತರೊಬ್ಬರಿದ್ದಾರೆ. ಅವರಲ್ಲಿ ಹೋಗಿ ಕೇಳಿಕೊಂಡು ಪದ್ಯದ ಅರ್ಥ ಬರೆದು ಕಳಿಸುತ್ತೇನೆ’ ಎಂದಿದ್ದರು. ಅಲ್ಲಿಂದ ಮುಂದೆ ವಾರಕ್ಕೊಂದು ದಪ್ಪ ಲಕೋಟೆ. ಒಂದು ಪದ್ಯ, ಅದರ ಕೆಳಗೆ ಅರ್ಥ, ಅದರ ಕೆಳಗೆ ಅಪ್ಪನ ಅಭಿಪ್ರಾಯ. ಕೆಲವು ಸಲ, ‘ಈ ಪದ್ಯ ಓದುವಾಗ ನಿನ್ನ ಅಮ್ಮ ನೆನಪಾದಳು’ ಎಂದು ಮೂಲೆಯಲ್ಲಿ ಸಣ್ಣದಾಗಿ ಇರುತ್ತಿತ್ತು. ಇಪ್ಪತ್ತೈದು ವರ್ಷದಲ್ಲಿ ಅಪ್ಪ ನನ್ನ ಹತ್ತಿರ ಆಡಿದ್ದ ಮಾತೆಲ್ಲ ಸೇರಿಸಿದರೂ ಅಂಥ ಒಂದು ಲಕೋಟೆ ತುಂಬುತ್ತಿರಲಿಲ್ಲ. ನಾನೂ ಹತ್ತು ಹಾಳೆಯ ಉತ್ತರ ಬರೆಯತೊಡಗಿದೆ. ನಾನು ಸಂಜೆ ಹೊತ್ತು ಪದ್ಯಗಳನ್ನು ಗಟ್ಟಿಯಾಗಿ ಓದುತ್ತಿದ್ದೆ. ಸುಬೇದಾರರು ಅದನ್ನು ಪ್ರಾರ್ಥನೆ ಎಂದು ತಿಳಿದು, ನನ್ನ ಕೋಣೆಯ ಮುಂದೆ ಹಾಯುವಾಗ ಕೈಮುಗಿದು ಹೋಗುತ್ತಿದ್ದರು. ಅದು ಆನೆಗಳು ಸಾಯುವ ಯುದ್ಧದ ಭಾಗ ಎಂದು ಹೇಳಲು ನನಗೆ ಮನಸ್ಸಾಗಲಿಲ್ಲ.

ರಜೆ ಹಾಕಿ ಬೆಂಗಳೂರಿಗೆ ಬಂದು ಪರೀಕ್ಷೆ ಬರೆದೆ. ಉಳಿದೆಲ್ಲದರಲ್ಲಿ ಪಾಸಾಗಿ ಕನ್ನಡದಲ್ಲಿ ಡುಮ್ಕಿ ಹೊಡೆದೆ.

ಮುಂದಿನ ರಜೆಯಲ್ಲಿ, ಅಪ್ಪನಿಗೆ ಹೇಳದೆ, ತ್ಯಾಗರಾಜನಗರದ ಪಂಡಿತರನ್ನು ಹುಡುಕಿಕೊಂಡು ಹೋದೆ. ಅವರು ನಾನು ಪರೀಕ್ಷೆಯಲ್ಲಿ ಬರೆದ ಉತ್ತರಗಳನ್ನು ಬಾಯಲ್ಲೇ ಹೇಳಿಸಿದರು. ಒಂದು ಪದ್ಯದಲ್ಲಿ ವೀರನೊಬ್ಬನ ಬಸಿರಿಗೆ ಬಾಣ ನಾಟುತ್ತದೆ. ನಾನು, ಗಂಡಸಿಗೆ ಬಸಿರು ಸಲ್ಲದ್ದರಿಂದ ಇಲ್ಲಿ ಬಸಿರೆಂದರೆ ಸಂತಾನ, ಅವನ ಮಗ ಸತ್ತನೆಂದು ಭಾವ ಎಂದು ವಿವರಿಸಿ, ಆ ತಂದೆಯ ದುಃಖವನ್ನು ಒಂದೂವರೆ ಪುಟ ಬರೆದಿದ್ದೆ.

“ಹಳಗನ್ನಡದಲ್ಲಿ ಬಸಿರು ಅಂದ್ರೆ ಹೊಟ್ಟೆ ಕಣಯ್ಯಾ,” ಎಂದರು ಪಂಡಿತರು. “ಬಾಣ ಅವನ ಹೊಟ್ಟೆಗೆ ಬಿತ್ತು. ಅಷ್ಟೇ. ಈ ಅರ್ಥ ನಿಂಗೆ ಯಾರು ಹೇಳಿದ್ದು?”

“ನೀವೇ ಹೇಳಿದ್ದಂತೆ ಸಾರ್. ನಮ್ಮ ತಂದೆ ಇಲ್ಲಿಗೆ ಬಂದು ಕೇಳಿಕೊಂಡು ಬರೀತಿದ್ರು.”

ಪಂಡಿತರು ನನ್ನ ಮುಖದಲ್ಲಿ ಯಾರದೋ ಹೋಲಿಕೆ ಹುಡುಕಿದರು. “ಕರೀ ಕೋಟಿನೋರು ತಾನೇ? ಒಂದು ದಿನ ಬಂದಿದ್ರು. ಒಳಗೆ ಪಾಠ ನಡೀತಿತ್ತು. ಜಗಲಿ ಮೇಲೆ ಕೂತು ಅರ್ಧ ಗಂಟೆ ಕೇಳಿ, ಏನೂ ಹೇಳದೆ ಎದ್ದು ಹೋದ್ರು. ಆಮೇಲೆ ಬರ್ಲಿಲ್ಲ.”

ನನಗೆ ಅರ್ಥವಾಯಿತು. ಆ ವಯಸ್ಸಿನಲ್ಲಿ ಇನ್ನೊಬ್ಬರ ಮುಂದೆ ಕೂತು, ನನಗೆ ಇದು ಬರುವುದಿಲ್ಲ ಹೇಳಿಕೊಡಿ ಎನ್ನುವುದು ಅಪ್ಪನಿಂದಾಗದ ಕೆಲಸ. ಮನೆಗೆ ಹೋಗಿ, ತೋಚಿದ ಅರ್ಥವನ್ನು ದುಂಡಗೆ ಬರೆದು, ಎರಡು ವರ್ಷ ಕಳಿಸಿದ್ದರು. ಆ ಸಲ ಪಂಡಿತರಿಂದಲೇ ಸರಿಯಾದ ಟಿಪ್ಪಣಿ ಬರೆದುಕೊಂಡು ಗುಡ್ಡಕ್ಕೆ ಹೋದೆ. ಅಪ್ಪನ ಲಕೋಟೆಗಳೂ ಬರುತ್ತಲೇ ಇದ್ದವು. ಪರೀಕ್ಷೆಗೆ ಟಿಪ್ಪಣಿ ಓದಿದೆ. ಉಳಿದ ಹೊತ್ತಿನಲ್ಲಿ ಅಪ್ಪನ ತಪ್ಪು ಅರ್ಥಗಳನ್ನು ಓದಿದೆ. ನಿಜ ಹೇಳಬೇಕೆಂದರೆ ಕೆಲವು ಕಡೆ ಕವಿಗಿಂತ ಅವರದೇ ಚೆನ್ನಾಗಿತ್ತು.

ಈ ಸಲ ಕನ್ನಡವೂ ಪಾಸಾಯಿತು. ರಜೆಗೆ ಮನೆಗೆ ಬಂದಾಗ, “ನಾನು ಬರೆದು ಕಳಿಸಿದ್ದು ಉಪಯೋಗಕ್ಕೆ ಬಂತೇನೋ?” ಎಂದು ಅಪ್ಪ ಕೇಳಿದರು. “ಅದಿಲ್ಲದೆ ಆಗ್ತಿರ್ಲಿಲ್ಲ,” ಎಂದೆ.

ಪಾಸಾದ ಮೇಲಿನ ಆ ರಜೆಯಲ್ಲಿ, ಮನಸಾರೆ ಮಾತಾಡಬೇಕೆಂದು ಇಬ್ಬರೂ ದಿನಾ ಸಂಜೆ ಮುಂದಿನ ವೆರಾಂಡದಲ್ಲಿ ಕೂರುತ್ತಿದ್ದೆವು. ಜಯನಗರ ಆಗಿನ್ನೂ ಬರೀ ಸೈಟುಗಳ ಊರು. ಮನೆಗಳಿಗಿಂತ ಕಲ್ಲುಗೂಟಗಳೇ ಹೆಚ್ಚು. ಕಲ್ಲು ಹೇರಿದ ಎತ್ತಿನಗಾಡಿ ಹೋಗುವುದನ್ನು ನೋಡುವುದು, ಅತ್ತಿಗೆ ತಂದ ಕಾಫಿ ಕುಡಿಯುವುದು, ಲೋಟ ಕೆಳಗಿಡುವುದು. ಎಂಟು ಹಾಳೆ ಬರೆಯುತ್ತಿದ್ದ ಅಪ್ಪನೂ ಹತ್ತು ಹಾಳೆ ಉತ್ತರ ಬರೆಯುತ್ತಿದ್ದ ಮಗನೂ ಒಬ್ಬರ ಮುಖ ಒಬ್ಬರು ನೋಡದೆ ಹೀಗೆ ಒಂಬತ್ತು ದಿನ ಕಳೆದೆವು. ಹತ್ತನೆಯ ದಿನ ಅಪ್ಪ ಗಂಟಲು ಸರಿಮಾಡಿಕೊಂಡರು.

“ಎಂ.ಎ.ನೂ ಹೀಗೇ ಕಟ್ಟಬಹುದಂತೆ.”

“ಹೌದಂತೆ.”

“ಸರಿ. ಅಲ್ಲಿಗೆ ಹೋಗಿ ಕಾಗದ ಬರಿ. ಆಮೇಲೆ ಮಾತಾಡೋಣ.”

ಮಾರನೆಯ ದಿನವೇ ಹೊರಟುಬಿಟ್ಟೆ. ಗುಡ್ಡ ಹತ್ತಿ ಬಂದ ನನ್ನನ್ನು ನೋಡಿ ಸುಬೇದಾರರು, ರಜೆ ಇನ್ನೂ ಐದು ದಿನ ಇತ್ತಲ್ಲ, ಮನೆಯಲ್ಲಿ ಜಗಳವೇ ಎಂದು ಕೇಳಿದರು.

“ಜಗಳ ಏನಿಲ್ಲ ಸಾಹೇಬರೇ,” ಎಂದೆ. “ತಂದೆಯವರ ಹತ್ತಿರ ಸ್ವಲ್ಪ ಮಾತಾಡೋದಿತ್ತು, ಅದಕ್ಕೇ ಬೇಗ ಬಂದೆ.”